ಸಂದರ್ಶನದಲ್ಲಿ ಹಾಕಿದ ಒಡಪು

ನಿನ್ನೆ ರವಿವಾರ ಹೊಲಿಗೆ ಮಷೀನಿಗೆ ಎಣ್ಣೆ ಬಿಟ್ಟೆ. ನಾಲ್ಕು ಹನಿ ಬಿದ್ದು ಗಾಲಿ ಒಂದು ಸುತ್ತು ತಿರುಗಿದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಎಣ್ಣೆ, ಹೊಸ ಅರಿವೆಯ ಗಂಜಿ, ಅದರ ಜೊತೆ ಸ್ವಲ್ಪ ಎಲೆ ಅಡಿಕೆ... ಚಾಚಿ ಪಕ್ಕದಲ್ಲೇ ಬಂದು ಕೂತ ಹಾಗಾಯಿತು. ಮಷೀನು ಅವಳದೇ. ಹೋದ ಚಳಿಗಾಲದಲ್ಲಿ ಅವಳ ಮಗ ಪಕ್ಕದ ಮನೆ ಖಾಲಿ ಮಾಡುವಾಗ ಅದನ್ನು ಹೊತ್ತು ತಂದು ನಮ್ಮ ಪಡಸಾಲೆಯಲ್ಲಿ ಇಳಿಸಿ, "ಅಮ್ಮಿ ಸಾಯೂಕಿಂತ ಮೊದಲ ಇದನ್ನ ನಿಮಗs ಕೊಡು ಅಂದಿದ್ಲರಿ ಅಕ್ಕಾ" ಎಂದು ಹೇಳಿ ಹೋಗಿದ್ದ. ಅಂದಿನಿಂದ ಅದರ ಮೇಲೆ ಹೊದಿಸಿದ ಬಟ್ಟೆ ತೆಗೆಯುವ ಧೈರ್ಯ ನನಗೆ ಬಂದಿರಲಿಲ್ಲ.

ನಾನು ಗಡಿಯಾಚೆ, ಮರಾಠಿ ಸೀಮೆಯ ಉಟಗಿಗೆ ಸೊಸೆಯಾಗಿ ಬಂದಾಗ ಚಾಚಿಯ ಮನೆ ನಮ್ಮ ಮನೆಗೆ ಗೋಡೆಗೆ ಗೋಡೆ. ಊರ ಹೆಂಗಸರೆಲ್ಲ ಕುಪ್ಪಸ ಹೊಲಿಸಿಕೊಳ್ಳುತ್ತಿದ್ದುದು ಅವಳ ಕೈಯಲ್ಲೇ. ಮನೆಯಲ್ಲಿ ದಖನಿ ಉರ್ದು, ಗಿರಾಕಿಗಳ ಜೊತೆ ಕನ್ನಡ, ಜತ್ತಿನ ಬಟ್ಟೆ ಅಂಗಡಿಯಲ್ಲಿ ಮರಾಠಿ. ಮೂರನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಬೈಯುವುದೂ ಅವಳಿಗೆ ಬರುತ್ತಿತ್ತು. ನನ್ನ ತವರು ವಿಜಯಪುರದ ಕಡೆ. ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಇಲ್ಲಿರಬಹುದು. ಮಾತು ಅದೇ, ರೊಟ್ಟಿ ಅದೇ, ಬಿಸಿಲೂ ಅದೇ. ಹಾಗಾಗಿ ಬೇರೆ ರಾಜ್ಯಕ್ಕೆ ಬಂದೆನೆಂದು ನನಗೆ ಅನ್ನಿಸಿರಲೇ ಇಲ್ಲ. ಅನ್ನಿಸಿದ್ದು ಮೊದಲ ಸಂದರ್ಶನದ ಕುರ್ಚಿಯಲ್ಲಿ ಕೂತಾಗ! ಅಲ್ಲಿ ಇದು ಬೇರೆ ರಾಜ್ಯವಲ್ಲ, ಪರದೇಶವೇ ಆಯಿತು.

ನಾನು ಬಿ.ಎಡ್. ಮುಗಿಸಿದವಳು. ಕನ್ನಡ ಶಾಲೆಯಲ್ಲಿ ಕಲಿಸಬೇಕೆಂಬುದು ಚಿಕ್ಕಂದಿನ ಆಸೆ. ಜತ್ತ ತಾಲ್ಲೂಕಿನಲ್ಲಿ ಕನ್ನಡ ಶಾಲೆಗಳಿಗೇನು ಬರವಿಲ್ಲ, ಆದರೆ ಸಂದರ್ಶನ ಮಾಡುವವರು ಕೇಳುವುದು ಮರಾಠಿಯಲ್ಲಿ. ಮರಾಠಿ ಅಷ್ಟಿಷ್ಟು ಕಲಿತಿದ್ದೆ. ನಾನು ಮುಗ್ಗರಿಸಿದ್ದು ಮರಾಠಿಯಲ್ಲಲ್ಲ, ಮೊದಲ ಪ್ರಶ್ನೆಯಲ್ಲೇ.

"ಪೂರ್ಣ ನಾವ್ ಸಾಂಗಾ." ಪೂರ್ತಿ ಹೆಸರು ಹೇಳಿ, ಅಷ್ಟೇ. ನಮ್ಮ ಕಡೆ ತಂದೆಯ ಹೆಸರಿನ ಒಂದಕ್ಷರ ಸೇರಿಸಿದರೆ ಹೆಸರು ಮುಗಿಯಿತು. ಇಲ್ಲಿ ಹಾಗಲ್ಲ. ಲಗ್ನವಾದವಳ ಹೆಸರಿನ ನಡುವೆ ಗಂಡನ ಹೆಸರು ಬರಲೇಬೇಕು. ನಾನೋ, ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ್ದ ಅಜ್ಜಿಯ ಕೈಯಲ್ಲಿ ಬೆಳೆದವಳು. ಓದಿದವಳಿಗೆ ಇದೆಂಥ ಮರುಳು ಎಂದು ನೀವು ನಗಬಹುದು, ನಾನೂ ನಗುತ್ತಿದ್ದೆ. ಆದರೆ ಬುದ್ಧಿ ಒಪ್ಪಿದ್ದನ್ನು ನಾಲಿಗೆ ಒಪ್ಪಬೇಕಲ್ಲ! ನನ್ನ ಹೆಸರು ಹೇಳಿದೆ, ನಿಂತೆ. ಎದುರಿನವರು ಪೆನ್ನು ಹಿಡಿದು ಕಾದರು. "ಪುಢೆ?" ಎಂದರು, ಅಂದರೆ ಮುಂದೆ? ನಾನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದೆ. ಈ ಹುಡುಗಿಗೆ ಮರಾಠಿಯ ಗಂಧವೇ ಇಲ್ಲ ಎಂದುಕೊಂಡು ಅವರು ಮುಂದಿನವರನ್ನು ಕರೆದರು.

ಎರಡನೆಯ ಕಡೆ ಜಾಣತನ ಮಾಡಿದೆ. ಹೆಸರು ಬರೆದು ಕೊಡುತ್ತೇನೆ, ಕಾಗದ ಕೊಡಿ ಎಂದೆ. "ಮಕ್ಕಳಿಗೂ ಹಿಂಗs ಬರದ ಕೊಡವರೇನ್ರಿ?" ಎಂದು ಒಬ್ಬರು ಕನ್ನಡದಲ್ಲೇ ಚುಚ್ಚಿದರು. ಮೂರನೆಯ ಕಡೆ ನನ್ನ ಯಜಮಾನರೇ ಜೊತೆಗೆ ಬಂದರು. ಹೆಸರಿನ ಪ್ರಶ್ನೆ ಬಂದಾಗ ಬಾಗಿಲ ಕಡೆ ಕೈ ತೋರಿಸಿದೆ. ಅವರನ್ನು ಒಳಗೆ ಕರೆದು ಹೆಸರು ಕೇಳಿದರು, ಊರು ಕೇಳಿದರು, ಚಹಾ ಕೊಟ್ಟರು, ಈ ಸಲ ತೊಗರಿ ಹೇಗಿದೆ ಎಂದು ಕೇಳಿದರು. ಇನ್ನೊಂದು ಗಳಿಗೆ ಕೂತಿದ್ದರೆ ಕೆಲಸ ಅವರಿಗೇ ಸಿಗುತ್ತಿತ್ತು.

ಆ ಸಂಜೆ ಅತ್ತೆ ಸಿಟ್ಟಾಗಲಿಲ್ಲ, ಶಾಂತವಾಗಿಯೇ ಹೇಳಿದರು. "ಇನ್ನೊಂದ ಸಲ ನೋಡವ್ವ. ಆಗಲಿಲ್ಲಂದ್ರ ನಮ್ಮ ಕಿರಾಣಿ ಅಂಗಡ್ಯಾಗ ಕುಂದ್ರು. ಮನಿ ಅಂಗಡಿ, ಯಾರೂ ಹೆಸರ ಕೇಳೂದಿಲ್ಲ." ತಕ್ಕಡಿ ಹಿಡಿಯುವುದು ಕೀಳು ಕೆಲಸವೆಂದು ನನಗೆ ಅನ್ನಿಸಿರಲಿಲ್ಲ. ಆದರೆ ನನಗೆ ಬೇಕಾದದ್ದು ತರಗತಿ, ಹಲಗೆ, ಮಕ್ಕಳ ಗದ್ದಲ. ಹಿತ್ತಿಲಿಗೆ ಹೋಗಿ ಕಣ್ಣೀರು ಹಾಕಿದೆ. ಗೋಡೆಯ ಆಚೆ ಮಷೀನಿನ ಸಪ್ಪಳ ನಿಂತಿತು. ಮೊದಲು ಚಾಚಿಯ ತಲೆ ಕಾಣಿಸಿತು, ಆಮೇಲೆ ಕೊರಳಲ್ಲಿ ನೇತಾಡುವ ಅಳತೆಯ ಟೇಪು.

"ಯಾಕ ಬೇಟಿ? ಏನಾತು?"

ಎಲ್ಲ ಹೇಳಿದೆ. ಚಾಚಿ ಮರುಗುತ್ತಾಳೆ ಎಂದುಕೊಂಡಿದ್ದೆ. ಅವಳು ಗೋಡೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು!

"ನಿನ್ನ ಬಾಯಿಗಿ ಯಾರ ಹೊಲಿಗಿ ಹಾಕ್ಯಾರ? ಬಾ ಇಲ್ಲೆ, ನಾ ಬಿಚ್ಚತೀನಿ. ನಿಮ್ಮಾಗ ಮದಿವ್ಯಾಗ ಒಡಪ ಹಾಕಿ ಹೆಸರ ಹೇಳತೀರಲ್ಲ, ಅವಾಗ ಗಂಡನ ಆಯುಷ್ಯ ಕಮ್ಮಿ ಆಗೂದಿಲ್ಲೇನ?"

ಮಾತು ನಿಜವೇ. ಮದುವೆಯಲ್ಲಿ ಮನೆ ತುಂಬಿಸಿಕೊಳ್ಳುವಾಗ ನಾದಿನಿಯರು ಹೊಸ್ತಿಲಲ್ಲಿ ಅಡ್ಡಗಟ್ಟಿ, ಎರಡು ಸಾಲಿನ ಪದ ಕಟ್ಟಿ ಗಂಡನ ಹೆಸರು ಹೇಳುವವರೆಗೆ ಒಳಗೆ ಬಿಡುವುದಿಲ್ಲ. ನಮ್ಮ ಒಡಪು, ಮರಾಠಿಯವರ ಉಖಾಣೆ. ಪದದೊಳಗೆ ಸೇರಿಸಿ ಹೇಳಿದರೆ ದೋಷವಿಲ್ಲ ಎಂದು ನನ್ನ ಅಜ್ಜಿಯೂ ಒಪ್ಪುತ್ತಿದ್ದಳು. ಚಾಚಿಯೇನು ಕಡಿಮೆ? ತನ್ನ ಗಂಡನನ್ನು ಜನ್ಮವಿಡೀ "ಏ, ಕೇಳಿದ್ರೇನ" ಎಂದೇ ಕರೆದವಳು.

ಮರುದಿನದಿಂದ ಅವಳ ಮನೆಯಲ್ಲಿ ನನ್ನ ಸಾಲೆ ಶುರುವಾಯಿತು. ಅವಳು ಸ್ಟೂಲಿನ ಮೇಲೆ ಸಾಹೇಬರಂತೆ ಕಾಲ ಮೇಲೆ ಕಾಲು ಹಾಕಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, "ನೆಕ್ಸ್ಟ್!" ಎಂದು ಕೂಗುವಳು. ನಾನು ಅಂಗಳದಿಂದ ಒಳಗೆ ಬಂದು ನಮಸ್ಕರಿಸಬೇಕು. ಮರಾಠಿಯಲ್ಲಿ ಹೆಸರು ಕೇಳುವಳು. ನಾನು ಒಡಪು ಹಾಕಬೇಕು. ಆಮೇಲಿನ ಪ್ರಶ್ನೆಗಳೆಲ್ಲ ಅವಳ ಕಸುಬಿನವೇ. ಹುಡುಗನ ಅಂಗಿಯ ಗುಂಡಿ ಕಿತ್ತು ಹೋದರೆ ಏನು ಮಾಡುತ್ತೀರಿ? ಹುಡುಗಿ ಲಂಗ ಹರಿದುಕೊಂಡು ಅಳುತ್ತ ಬಂದರೆ? ಯಾವ ಸಂದರ್ಶನದಲ್ಲೂ ಇವನ್ನು ಕೇಳಲಿಲ್ಲ, ನಿಜ. ಆದರೆ ಆ ನಗುವಿನ ನಡುವೆ ನನ್ನ ಮರಾಠಿ ನನಗೇ ತಿಳಿಯದಂತೆ ಸಡಿಲವಾಯಿತು. ಆ ಸಾಲೆಯಲ್ಲಿ ನಾನು ಹಾಕಿದ ಮೊದಲ ಒಡಪು ಇದು:

"ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಛಂದ,
ನನ್ನ ಹಣಿಯ ಕುಂಕುಮಕ ಶಿವಾನಂದ."

ಹೇಳಿ ಮುಗಿಸಿ ಕಣ್ಣು ಮುಚ್ಚಿದೆ. ಗುಡುಗಲಿಲ್ಲ, ಸಿಡಿಲು ಬೀಳಲಿಲ್ಲ. ಅಂಗಡಿಯಲ್ಲಿ ಯಜಮಾನರು ಯಾರಿಗೋ ಬೆಲ್ಲ ತೂಗುತ್ತಿರುವುದು ಕೇಳಿಸುತ್ತಿತ್ತು. ಚಾಚಿ ತೊಡೆ ತಟ್ಟಿ, "ಇನ್ನೊಂದ ಹಾಕ!" ಎಂದಳು. ಹಾಕಿದೆ. "ಇನ್ನೊಂದ ಹಾಕ!" ಮತ್ತೆ ಹಾಕಿದೆ... ನಾಲಿಗೆಗೆ ರೂಢಿಯಾದ ಮೇಲೆ ಪದ ಬಿಟ್ಟು ಬರಿ ಹೆಸರು ಹೇಳಿದರಾಯಿತು ಎಂಬುದು ನಮ್ಮ ಲೆಕ್ಕ.

ನಾಲ್ಕನೆಯ ಸಂದರ್ಶನಕ್ಕೆ ಯಜಮಾನರನ್ನು ಬರಬೇಡಿ ಎಂದಳು ಚಾಚಿ. ತಾನೇ ಹೊಲಿದ ಹಸಿರು ಕುಪ್ಪಸ ನನಗೆ ತೊಡಿಸಿ, ತಾನೂ ಹೊರಟಳು. ಜೀಪಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ತೊಡೆಯ ಮೇಲೆ ಯಾರದೋ ಕೂಸು, ಚಾಚಿಯ ಪಕ್ಕದಲ್ಲಿ ಕುರಿ ಮಾರಲು ಹೊರಟ ಮುದುಕ. ಅವನಿಗೂ ನನ್ನ ಕಥೆಯನ್ನೆಲ್ಲ ಹೇಳಿದಳು. ಅವನು ಇಳಿಯುವಾಗ, "ಊರಿಗಿ ಬಂದಾಕಿ ನೀರಿಗಿ ಬರಲಾರದs ಇರತಾಳೇನ? ಹೆದರಬ್ಯಾಡ ತಂಗಿ" ಎಂದು ಹರಸಿ ಹೋದ.

ಒಳಗೆ ಮೂವರಿದ್ದರು. ನಡುವೆ ಮುಖ್ಯೋಪಾಧ್ಯಾಯಿನಿ, ಮರಾಠಿ ಹೆಂಗಸು, ಇಲ್ಲಿಯ ಮಾತಿನಲ್ಲಿ ಬಾಯಿಯವರು, ದೊಡ್ಡ ಕುಂಕುಮ, ಬಿಗಿದ ಮುಖ. ಅವರ ಎಡಕ್ಕೆ ಕನ್ನಡ ಬಲ್ಲ ಒಬ್ಬ ಹಿರಿಯರು, ಬಲಕ್ಕೆ ಬರೆದುಕೊಳ್ಳುವವರು. "ಪೂರ್ಣ ನಾವ್?" ಎಂದರು ಬಾಯಿಯವರು. ಬರಿ ಹೆಸರು, ಬರಿ ಹೆಸರು ಎಂದು ಮನಸ್ಸಿನಲ್ಲೇ ಅಂದುಕೊಂಡು ಬಾಯಿ ತೆರೆದೆ. ಎದುರಿನ ಗೋಡೆಯ ಮೇಲೆ ಕರಿ ಹಲಗೆ. ನಾಲಿಗೆ ರೂಢಿಯ ದಾರಿಯನ್ನೇ ಹಿಡಿಯಿತು!

"ಕರಿ ಹಲಗಿ ಮ್ಯಾಲ ಬಿಳಿ ಖಡು ಛಂದ,
ನನ್ನ ಹೆಸರಿನ ನಡಕ ಶಿವಾನಂದ!"

ಮದುವೆ ಮನೆಯಲ್ಲಿ ಹೇಳುವಂತೆ ಗಟ್ಟಿಯಾಗಿ, ರಾಗವಾಗಿ ಹೇಳಿಬಿಟ್ಟಿದ್ದೆ. ಮುಗಿಯಿತು, ನಾಳೆಯಿಂದ ತಕ್ಕಡಿಯೇ ಗತಿ ಎಂದುಕೊಂಡೆ. ಅಷ್ಟರಲ್ಲಿ ಕಿಟಕಿಯ ಆಚೆಯಿಂದ ಬಂತು:

"ಇನ್ನೊಂದ ಹಾಕ!"

ಕಟ್ಟೆಯ ಮೇಲೆ ಕೂತಿರು ಎಂದು ಹೇಳಿದ್ದೆ, ಚಾಚಿ ಕಿಟಕಿಗೇ ಕಿವಿ ಕೊಟ್ಟು ನಿಂತಿದ್ದಳು. ಕನ್ನಡದ ಹಿರಿಯರು ಮೇಜು ಬಡಿದು ನಕ್ಕರು. ಬಾಯಿಯವರು ಏನು, ಏನು ಎಂದು ಕೇಳಿದರು. ಹಿರಿಯರು ಮರಾಠಿಯಲ್ಲಿ ಹೇಳಿದರು, ಸೀಮೆಸುಣ್ಣಕ್ಕೆ ಖಡು ಎನ್ನುವುದು ಹೇಗೂ ಅವರದೇ ಮಾತು. ಬಿಗಿದ ಮುಖ ಸಡಿಲವಾಯಿತು. ಅವರು ಸೆರಗು ಸರಿಮಾಡಿಕೊಂಡರು, ಸ್ವಲ್ಪ ನಾಚಿದರು, ಆಮೇಲೆ ತಮ್ಮ ಯಜಮಾನರ ಹೆಸರಿಟ್ಟು ಮರಾಠಿಯಲ್ಲಿ ಒಂದು ಉಖಾಣೆ ಹಾಕಿಯೇಬಿಟ್ಟರು! ಬರೆದುಕೊಳ್ಳುವವರು ಪೆನ್ನು ಕೆಳಗಿಟ್ಟು ಚಪ್ಪಾಳೆ ಹೊಡೆದರು.

ಅಲ್ಲಿಂದ ಮುಂದೆ ನನ್ನನ್ನು ಹಿಡಿಯುವವರಿರಲಿಲ್ಲ. ತಪ್ಪೋ ಒಪ್ಪೋ, ಮರಾಠಿಯಲ್ಲಿ ಮಾತಾಡಿದೆ. ಮೂರನೆಯ ಇಯತ್ತೆಯ ಮಕ್ಕಳ ಮುಂದೆ ನಿಲ್ಲಿಸಿ ಪಾಠ ಮಾಡಿ ತೋರಿಸಿ ಎಂದರು. ಮಗ್ಗಿಯನ್ನು ಒಡಪಿನ ಧಾಟಿಯಲ್ಲಿ ಹೇಳಿಸಿದೆ. ಮಕ್ಕಳು ಮಾಳಿಗೆ ಹಾರಿಹೋಗುವಂತೆ ಕೂಗಿದರು. "ಸೋಮವಾರದಿಂದ ಬರ್ರಿ" ಎಂದರು ಹಿರಿಯರು. ಹೊರಗೆ ಓಡಿಬಂದು ಚಾಚಿಯನ್ನು ಅಪ್ಪಿಕೊಂಡೆ. ಅವಳು ಮೊದಲು ನೋಡಿದ್ದು ನನ್ನ ತೋಳು. "ಸಾವಕಾಶ, ಹೊಸಾ ಕುಪ್ಪಸ, ಕಂಕಳಾಗ ಹೊಲಿಗಿ ಬಿಚ್ಚತೈತಿ" ಎಂದಳು. ಹಾಗೆಂದವಳ ಕಣ್ಣು ಮಾತ್ರ ತುಂಬಿತ್ತು. ಬದುಕಿನಲ್ಲಿ ಅಷ್ಟು ಸಂತೋಷ ನನಗೆ ಮತ್ತೆ ಒಂದೆರಡು ಸಲ ಆಗಿರಬಹುದು, ಅಷ್ಟೇ.

ಈಗ ನಾನೇ ಸಂದರ್ಶನದ ಮೇಜಿನ ಈಚೆ ಕೂಡುತ್ತೇನೆ. ಈಗಿನ ಹುಡುಗಿಯರು ಗಂಡನ ಹೆಸರನ್ನು ಪಟಪಟ ಹೇಳುತ್ತಾರೆ, ಒಳ್ಳೆಯದೇ ಆಯಿತು. ಆದರೂ ಗಡಿಯ ಆಚೆಯಿಂದ ಹೊಸದಾಗಿ ಬಂದ ಯಾರಾದರೂ ತಡವರಿಸಿದರೆ ನಾನು ಪೆನ್ನು ಕೆಳಗಿಟ್ಟು ಕಾಯುತ್ತೇನೆ. ಪುಢೆ ಎನ್ನುವುದಿಲ್ಲ. ಪ್ರತಿ ಸಲವೂ ಮನೆಗೆ ಬಂದು ಅದನ್ನೆಲ್ಲ ಗೋಡೆಯ ಮೇಲಿಂದ ಚಾಚಿಗೆ ಹೇಳುತ್ತಿದ್ದೆ... ಆ ಮನೆಗೆ ಈಗ ಬೀಗ. ಮಗ ಮಿರಜಿನಲ್ಲಿದ್ದಾನೆ.

ನಿನ್ನೆ ಎಣ್ಣೆ ಬಿಟ್ಟ ಮೇಲೆ ಹಳೆಯ ಸೀರೆಯ ತುಂಡೊಂದನ್ನು ಹೊಲಿಯಲು ಕೂತೆ. ಹೊಲಿಗೆ ಸೊಟ್ಟಗೆ ಬಂತು, ಬಿಚ್ಚಿದೆ. ಚೂರುಗಳನ್ನು ಗುಡಿಸಿ ಎದ್ದಾಗ ಪದ ತಾನಾಗಿ ಬಾಯಿಗೆ ಬಂತು. ಪ್ರೀತಿಯವರ ಹೆಸರನ್ನು ಬರಿದೇ ಹೇಳಬಾರದೆಂದು ಕಲಿತವಳಲ್ಲವೇ ನಾನು? ಹೆಸರಿನ ಜಾಗದಲ್ಲಿ ನಾನು ಕರೆಯುತ್ತಿದ್ದುದನ್ನೇ ಇಟ್ಟು, ಖಾಲಿ ಪಡಸಾಲೆಯಲ್ಲಿ ಗಟ್ಟಿಯಾಗಿ ಹೇಳಿದೆ:

"ಅರಿಬಿ ಚೂರ ಕೂಡಿಸಿದೆ ನೆಲಾ ಪೂರಾ ಬಾಚಿ,
ನನ್ನ ಬಾಯಿಯ ಹೊಲಿಗಿ ಬಿಚ್ಚಿದಾಕಿ ಬಾಜೂಮನಿ ಚಾಚಿ."

ಹೇಳಿ, ಕೇಳಿಸಿಕೊಳ್ಳಲು ನಿಂತೆ. ಇನ್ನೊಂದ ಹಾಕ ಎಂದು ಯಾರೂ ಅನ್ನಲಿಲ್ಲ.