ನಾಲ್ಕು ದಿನ ಮೊದಲು ಹೋದ ತಟ್ಟೆ

ಕ್ರಿಸ್ಮಸ್ ಎಂದರೆ ಕೇಕು ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಕೇಕನ್ನು ಬೇಕರಿಯವನು ವರ್ಷವಿಡೀ ಮಾಡುತ್ತಾನೆ, ಅದಕ್ಕೆ ಹಬ್ಬವೇ ಬೇಕೆಂದಿಲ್ಲ. ನಾನು ಕಂಡ ಕ್ರಿಸ್ಮಸ್ಸು ಶಂಕರಪುರದ ಒಂದು ಅಡುಗೆಮನೆಯಲ್ಲಿ, ತೆಂಗಿನೆಣ್ಣೆಯ ಬಾಣಲೆಯಿಂದ ಮೇಲೇಳುತ್ತಿತ್ತು. ಅದರ ರುಚಿಯನ್ನು ಹೇಳಲು ಹೊರಟರೆ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕಾಗುತ್ತದೆ. ಅದಕ್ಕೇ ಇಷ್ಟು ವರ್ಷ ಎರಡನ್ನೂ ಹೇಳದೆ ಉಳಿದೆ.

ನಾನು ಕಾರ್ಕಳದ ಬ್ಯಾರಿ ಮುಸ್ಲಿಮರ ಹುಡುಗಿ. ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಶಂಕರಪುರಕ್ಕೆ ಬಂದೆ. ಬಂದ ಎರಡೇ ತಿಂಗಳಿಗೆ ಗಂಡ ಗಲ್ಫಿಗೆ ಹೊರಟುಹೋದರು. ಮನೆಯಲ್ಲಿ ಉಳಿದದ್ದು ನಾನು ಮತ್ತು ಅತ್ತೆ. ಅತ್ತೆಗೆ ಮೊಣಕಾಲು ನೋವು, ಕಿವಿ ಮಂದ, ನಾಲಿಗೆ ಮಾತ್ರ ಚುರುಕು. ಮಲ್ಲಿಗೆ ತೋಟದ ಆಚೆಗೆ ಕ್ರೈಸ್ತ ದಂಪತಿಯ ಮನೆ. ನಮ್ಮ ಕಡೆ ಕ್ರೈಸ್ತ ಹೆಂಗಸನ್ನು ಬಾಯಮ್ಮ ಎಂದೂ ಗಂಡಸನ್ನು ಪೊರ್ಬುಗಳು ಎಂದೂ ಕರೆಯುವುದು ವಾಡಿಕೆ. ಅವರಿಗೆ ಒಬ್ಬನೇ ಮಗ. ಅವನೂ ನನ್ನ ಗಂಡನೂ ಒಂದೇ ಶಾಲೆಗೆ ಹೋದವರು, ಒಂದೇ ಕಂಪೆನಿಯ ಕೆಲಸಕ್ಕೆ ಒಟ್ಟಿಗೆ ವಿಮಾನ ಹತ್ತಿದವರು. ಹಾಗಾಗಿ ಒಂದು ಮನೆಗೆ ಕಾಗದ ಬಂದರೆ ಎರಡು ಮನೆಗೂ ಬಂದಂತೆ.

ಬಾಯಮ್ಮನ ಜಗಲಿಯಲ್ಲಿ ಕೂತೇ ನಾನು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಲು ಕಲಿತದ್ದು. ಡಿಸೆಂಬರಿನ ಚಳಿಗೆ ಮೊಗ್ಗು ಕಡಿಮೆಯಾಗುತ್ತದೆ, ಕೈಗೆ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಅವರು ಕುಸ್ವಾರ್ ಮಾಡುತ್ತಿದ್ದರು. ಕುಸ್ವಾರ್ ಎಂದರೆ ಕ್ರಿಸ್ಮಸ್ಸಿನ ಕರಿದ ತಿಂಡಿಗಳ ಒಟ್ಟು ಹೆಸರು. ಎಳ್ಳುಬೆಲ್ಲ ತುಂಬಿದ ನೆವ್ರಿ, ಗುಲಾಬಿ ಹೂವಿನ ಅಚ್ಚಿನ ಕೊಕ್ಕಿಸಾಂ, ಬಾಚಣಿಗೆಯ ಬೆನ್ನಿನ ಮೇಲೆ ಹಿಟ್ಟನ್ನು ಒತ್ತಿ ಸುರುಳಿ ಮಾಡಿ ಸಕ್ಕರೆ ಹಿಡಿಸುವ ಕಿಡಿಯೊ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಗುಳಿಯೊ. ಅಕ್ಕಿಹಿಟ್ಟಿಗೆ ತೆಂಗಿನಹಾಲು ಹಾಕಿ ಗೋಲಿಯಷ್ಟು ಸಣ್ಣ ಉಂಡೆ ಕಟ್ಟಿ ಕರಿಯುವುದು, ಅಷ್ಟೇ. ಬಾಯಿಗೆ ಹಾಕಿದರೆ ಮೊದಲು ಕಲ್ಲು, ಆಮೇಲೆ ಹಾಲು. ಮಗನಿಗೂ ಅದೇ ಇಷ್ಟವಂತೆ. ಅವನಿಗೆಂದು ಪ್ರತಿ ವರ್ಷ ಒಂದು ಡಬ್ಬ ಬೇರೆ ಇಡುತ್ತಿದ್ದರು. ಅವನು ಬರುವ ವರ್ಷವೂ ಇಡುತ್ತಿದ್ದರು, ಬಾರದ ವರ್ಷವೂ ಇಡುತ್ತಿದ್ದರು.

ಉಂಡೆ ಕಟ್ಟುವಾಗ ಬಾಯಮ್ಮ ಕೊಂಕಣಿಯಲ್ಲಿ ಹಾಡುತ್ತಿದ್ದರು. ಗೋದಲಿಯಲ್ಲಿ ಮಲಗಿದ ಬಾಲಯೇಸುವಿಗೆ ಜೋಗುಳ. ಕಂಠವೇನೂ ಚೆನ್ನಾಗಿರಲಿಲ್ಲ. ಆದರೂ ಆ ಹಾಡಿಲ್ಲದೆ ಗುಳಿಯೊ ಗುಂಡಗಾಗುವುದಿಲ್ಲ ಎಂದು ನಾನು ನಂಬಿದ್ದೆ. ಹಬ್ಬದ ಮರುದಿನ ನನ್ನನ್ನು ಉಡುಪಿಗೆ ಮ್ಯಾಟಿನಿಗೆ ಕರೆದುಕೊಂಡು ಹೋಗುವುದು ಅವರದೇ ಕಟ್ಟಳೆ. ಸಿನಿಮಾ ಎಂದರೆ ಹರಿಹಾಯುವ ಅತ್ತೆ, "ಬಾಯಮ್ಮನ ಒಟ್ಟಿಗೆ ಅಲ್ವಾ, ಹೋಗು" ಎನ್ನುತ್ತಿದ್ದರು. ಒಂದು ವರ್ಷದ ಸಿನಿಮಾದಲ್ಲಿ ತಾಯಿಯೊಬ್ಬಳು ಮಗನನ್ನು ಕಳೆದುಕೊಂಡು ಕಡೆಯ ದೃಶ್ಯದಲ್ಲಿ ಪಡೆಯುತ್ತಾಳೆ. ಬಾಯಮ್ಮ ಮೊದಲಿನಿಂದ ಕೊನೆಯವರೆಗೂ ಅತ್ತು, ಹೊರಗೆ ಬಂದು ಮೂಗು ಒರೆಸಿಕೊಂಡು, "ಅವನು ಸಿಗದಿದ್ದರೆ ನಾನು ಟಾಕೀಸಿನವನನ್ನು ಬಿಡುತ್ತಿರಲಿಲ್ಲ ಮಾರಾಯ್ತಿ" ಎಂದರು. ಬಸ್ಸಿನಲ್ಲಿ ಕಟಪಾಡಿಯವರೆಗೂ ನಾವು ನಗುತ್ತಾ ಬಂದೆವು.

ಮಗ ಒಮ್ಮೆ ರಜೆಯಲ್ಲಿ ಬಂದಾಗ ಅತ್ತೆಗೆ ನೋವಿನ ಎಣ್ಣೆ ತಂದ, ನನಗೊಂದು ಬಾಚಣಿಗೆ. "ಅಮ್ಮ ಕಿಡಿಯೊ ಮಾಡಲಿಕ್ಕೆ ನಿಮ್ಮ ಬಾಚಣಿಗೆಯನ್ನು ಕಿತ್ತುಕೊಳ್ಳುತ್ತಾರೆ ಅಕ್ಕ, ಇದನ್ನು ಅಡಗಿಸಿ ಇಡಿ" ಎಂದು ತಮಾಷೆ ಮಾಡಿದ. ಬಾಯಮ್ಮ ಆಗಲೇ ಅವನಿಗೆ ಹೆಣ್ಣು ಹುಡುಕುತ್ತಿದ್ದರು. ಹುಟ್ಟದ ಮೊಮ್ಮಗುವಿಗೆ ಟೊಪ್ಪಿ ಹೆಣೆಯಲು ಶುರುಮಾಡಿದ್ದರು. "ಕೂಸು ಹುಟ್ಟುವ ಮೊದಲೇ ಕುಲಾವಿ" ಎಂದು ಪೊರ್ಬುಗಳು ಕೆಣಕುತ್ತಿದ್ದರು.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಒಂದು ವರ್ಷ ಬಾಯಮ್ಮ ಎರಡು ದೊಡ್ಡ ತಟ್ಟೆ ತುಂಬಿಸಿ ಕಸೂತಿ ಬಟ್ಟೆ ಮುಚ್ಚಿ ಕಾಪುವಿನ ಸಂಬಂಧಿಕರ ಮನೆಗೆ ಕಳಿಸಿದರು. ಅವರೇಕೆ ಮಾಡುವುದಿಲ್ಲ ಎಂದು ಕೇಳಿದೆ. "ಸಾವಾದ ಮನೆಯಲ್ಲಿ ಆ ವರ್ಷ ಬಾಣಲೆ ಇಡುವ ಹಾಗಿಲ್ಲ ಮಗಳೇ. ಹಾಗಂತ ಹಬ್ಬಕ್ಕೆ ಆ ಮನೆ ಖಾಲಿ ಇರಲಿಕ್ಕೂ ಬಾರದು. ನಾವು ಕೊಡಬೇಕು" ಎಂದರು. ನಾನು ಕಲಿತ ಪಾಠವನ್ನು ಮರೆಯುವವಳಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ಡಿಸೆಂಬರಿನಲ್ಲಿ ತಂಗಿಯ ಬಾಣಂತನಕ್ಕೆಂದು ನಾನು ಕಾರ್ಕಳಕ್ಕೆ ಹೋಗಿದ್ದೆ. ಇಪ್ಪತ್ತನೆಯ ತಾರೀಕು ಸಂಜೆ ಮರಳಿದಾಗ ಅತ್ತೆ ದಿಂಬಿನ ಅಡಿಯಿಂದ ಒಡೆಯದ ಕಾಗದವೊಂದನ್ನು ತೆಗೆದುಕೊಟ್ಟರು. ಅವರಿಗೆ ಓದು ಬಾರದು. ಬೊಂಬಾಯಿಗೆ ಬರುವವರ ಕೈಯಲ್ಲಿ ನನ್ನ ಗಂಡ ಕೊಟ್ಟು, ಅಲ್ಲಿಂದ ಅಂಚೆಗೆ ಹಾಕಿಸಿದ ಕಾಗದ. ನಿಂತಲ್ಲೇ ಓದಿದೆ. ಪಕ್ಕದ ಮನೆಯ ಮಗ ಕೆಲಸದ ಜಾಗದಲ್ಲಿ ಎತ್ತರದಿಂದ ಬಿದ್ದು ತೀರಿಕೊಂಡಿದ್ದ. ಕಾಗದಪತ್ರದ ಕೆಲಸ ಮುಗಿದು ಹೆಣ ಊರಿಗೆ ಬರಲು ಜನವರಿಯಾಗಬಹುದು. 'ಅವರ ಮನೆಗೆ ತಂತಿ ಹೋಗಿದೆ. ನೀವು ಹೋಗಿ ಜೊತೆಗಿರಿ' ಎಂದು ಬರೆದಿದ್ದರು.

ಅತ್ತೆಯ ಕಿವಿಗೆ ಬಾಯಿಟ್ಟು ಕೂಗಿ ಹೇಳಿದೆ. ಅವರು ಎದೆ ಹಿಡಿದುಕೊಂಡು ಕೂತುಬಿಟ್ಟರು. "ಅಳುವುದು ಕೇಳಲಿಲ್ಲವಾ ಮಾಮಿ?" ಎಂದೆ. "ನನ್ನ ಕಿವಿಗೆ ಎಂತ ಕೇಳುತ್ತದೆ? ಕಾಲು ನೋವಿಗೆ ಎಂಟು ದಿನದಿಂದ ಅಂಗಳಕ್ಕೂ ಇಳಿದಿಲ್ಲ" ಎಂದರು. ನಾನು ತೋಟದಾಚೆ ನೋಡಿದೆ. ಪ್ರತಿ ವರ್ಷ ಪೊರ್ಬುಗಳು ಬಿದಿರು ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಮಾಡಿದ ನಕ್ಷತ್ರ ಇಷ್ಟರಲ್ಲಿ ಮಾವಿನ ಮರದಲ್ಲಿ ತೂಗುತ್ತಿತ್ತು. ಆ ವರ್ಷ ಮರ ಬೋಳಾಗಿತ್ತು. ತಂತಿ ಮುಟ್ಟಿದೆ ಎನ್ನಲು ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಆ ಕ್ಷಣವೇ ಓಡಿಹೋಗಬೇಕೆಂದಿದ್ದೆ. ಅತ್ತೆ ತಡೆದರು. "ಬರಿಗೈಯಲ್ಲಿ ಹೋಗಬೇಡ. ನಿನ್ನ ಮಾವ ತೀರಿಕೊಂಡ ವರ್ಷ ಪೆರ್ನಾಲ್ ಹಬ್ಬಕ್ಕೆ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಬಾಯಮ್ಮ ಪಾತ್ರೆ ತುಂಬಿಸಿ ತಂದು ನನಗೆ ತಿನ್ನಿಸಿದ್ದಾರೆ. ಈಗ ನಮ್ಮ ಸರದಿ." ಬೆಳಿಗ್ಗೆ ಬೇಗ ಎದ್ದು ಬಾಣಲೆ ಇಟ್ಟೆವು. ನನಗೆ ಸರಿಯಾಗಿ ಬರುತ್ತಿದ್ದದ್ದು ಗುಳಿಯೊ ಒಂದೇ. ಅಳುತ್ತಾ ಉಂಡೆ ಕಟ್ಟಿದೆ. ಆಚೆ ಮನೆಯಲ್ಲಿಯೂ ಅದೇ ಹೊತ್ತಿಗೆ ಎಣ್ಣೆ ಕಾಯುತ್ತಿತ್ತು. ನಮ್ಮ ಎಣ್ಣೆಯ ವಾಸನೆಯಲ್ಲಿ ಅವರ ಎಣ್ಣೆಯ ವಾಸನೆ ನನಗೆ ತಿಳಿಯಲಿಲ್ಲ.

ನೀಲಿ ಅಂಚಿನ ತಟ್ಟೆಯಲ್ಲಿ ಗುಳಿಯೊ ತುಂಬಿಸಿ, ಕಸೂತಿ ಬಟ್ಟೆ ಮುಚ್ಚಿ, ಹಿತ್ತಿಲ ಬಾಗಿಲಿನಿಂದ ಹೋದೆ. ಬಾಯಮ್ಮ ಒಲೆಯ ಮುಂದೆ ಮಣೆಯ ಮೇಲೆ ಕೂತು ಹಾಡುತ್ತಿದ್ದರು. ಪೊರ್ಬುಗಳು ಗೋಡೆಗೆ ಒರಗಿ ತೆಂಗಿನಕಾಯಿ ತುರಿಯುತ್ತಿದ್ದರು. ಹೊಸಿಲಲ್ಲಿ ಹಾಗೇ ನಿಂತೆ.

"ಬಂದೆಯಾ ಮಗಳೇ? ಮೊದಲು ಇವರಿಗೆ ಸ್ವಲ್ಪ ಬುದ್ಧಿ ಹೇಳು. ಈ ವರ್ಷ ಒಂದು ನಕ್ಷತ್ರ ಕಟ್ಟಲಿಕ್ಕೂ ಉದಾಸೀನ ಇವರಿಗೆ" ಎಂದರು ಬಾಯಮ್ಮ. ಆಮೇಲೆ ತಟ್ಟೆಯನ್ನು ನೋಡಿದರು. ನಗುತ್ತಲೇ ಬಟ್ಟೆ ಸರಿಸಿದರು. "ಇದೆಂತ? ಗುಳಿಯೊ ನೀವು ಮಾಡಿ ನಮಗೆ ತರುವುದಾ? ನನ್ನ ಕೈಗೆ ಎಂತ ಆಗಿದೆ?"

ಏನಾದರೊಂದು ಸುಳ್ಳು ಹೇಳಬಹುದಿತ್ತು. ರುಚಿ ನೋಡಿ ಹೇಳಿ ಎನ್ನಬಹುದಿತ್ತು. ಆ ಸುಳ್ಳು ಇವತ್ತಿಗೂ ನನ್ನ ನಾಲಿಗೆಯ ಮೇಲೆ ಉಂಟು. ಬಾಯಮ್ಮ ಅತ್ತು ಊದಿದ ನನ್ನ ಕಣ್ಣು ನೋಡಿದರು, ಮತ್ತೆ ತಟ್ಟೆ ನೋಡಿದರು, ಆಮೇಲೆ ಗಂಡನ ಕಡೆಗೆ ತಿರುಗಿದರು. ಪೊರ್ಬುಗಳು ತುರಿಯುವುದನ್ನು ನಿಲ್ಲಿಸಿ, ಅಂಗಿಯ ಕಿಸೆಯನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದರು. ತಂತಿ ಅಲ್ಲೇ ಇತ್ತು.

ಮಗ ಎಂದು ಯಾರೂ ಹೇಳಲಿಲ್ಲ. ಇದ್ದವನು ಒಬ್ಬನೇ ಅಲ್ಲವೇ.

"ಎಷ್ಟು ದಿನ ಆಯಿತು?" ಎಂದು ಬಾಯಮ್ಮ ಕೇಳಿದರು.

"ಒಂಬತ್ತು. ಪಾದ್ರಿಗಳಿಗೆ ಮಾತ್ರ ಹೇಳಿದ್ದೆ."

"ಒಂಬತ್ತು ದಿನ ನಾನು ಹಾಡಿದೆ. ನೀವು ಕೇಳಿಕೊಂಡು ಕೂತಿರಿ."

"ನೀನು ಹಾಡಲಿ ಅಂತಲೇ ಹೇಳದೆ ಇದ್ದದ್ದು. ಹಬ್ಬ ಒಂದು ಕಳೆಯಲಿ ಅಂತ..." ಎಂದರು ಪೊರ್ಬುಗಳು.

ಬಾಯಮ್ಮ ಕಿರುಚಲಿಲ್ಲ. ಮೊದಲು ಎದ್ದು, ಕೈಬಟ್ಟೆಯಲ್ಲಿ ಹಿಡಿದು ಬಾಣಲೆಯನ್ನು ಒಲೆಯಿಂದ ಇಳಿಸಿದರು. ಸಾವಾದ ಮನೆಯಲ್ಲಿ ಬಾಣಲೆ ಇಡಬಾರದು ಎಂದು ನನಗೆ ಹೇಳಿಕೊಟ್ಟವರೇ ಅವರು. ಅರ್ಧ ಬೆಂದ ಗುಳಿಯೊ ಎಣ್ಣೆಯಲ್ಲಿ ತೇಲುತ್ತಿತ್ತು. ಆಮೇಲೆ ನೆಲದ ಮೇಲೆ ಕೂತು ಅತ್ತರು. ಆ ಅಳು ಕಿವಿ ಕೇಳದ ನನ್ನ ಅತ್ತೆಗೂ ಕೇಳಿಸಿತು.

ಊರು ನನ್ನನ್ನು ಬೈಯಲಿಲ್ಲ. ತಿಳಿಯದೆ ಆದದ್ದು ಎಂದರು. ಗಂಡನೂ ಕಾಗದದಲ್ಲಿ ಹಾಗೆಯೇ ಬರೆದರು. ಒಂಬತ್ತು ದಿನ ಎದೆಯೊಳಗೆ ಕೆಂಡ ಇಟ್ಟುಕೊಂಡು ಆ ಮನುಷ್ಯ ಹೆಂಡತಿಗೆ ಕೊಡಲು ಹೊರಟಿದ್ದ ಹಬ್ಬದ ಉಡುಗೊರೆಯನ್ನು ನಾನು ನಾಲ್ಕು ದಿನ ಬಾಕಿ ಇರುವಾಗ ಕಿತ್ತುಕೊಂಡಿದ್ದೆ. ಆ ತಪ್ಪಿನ ಭಾರವನ್ನು ಯಾರು ಏನು ಹೇಳಿದರೂ ನನ್ನಿಂದ ತೆಗೆಯಲಾಗಲಿಲ್ಲ. ಜನವರಿಯಲ್ಲಿ ಹೆಣ ಬಂತು. ಆ ವರ್ಷವಿಡೀ ನಾನು ಅವರ ಜಗಲಿಯಲ್ಲಿ ಮಲ್ಲಿಗೆ ಕಟ್ಟಿದೆ. ಬಾಯಮ್ಮ ಮೊದಲಿನಂತೆಯೇ ಚಹಾ ಕೊಟ್ಟರು, ಕಷ್ಟಸುಖ ವಿಚಾರಿಸಿದರು. ಹಾಡಲಿಲ್ಲ, ಅಷ್ಟೇ. ನನ್ನ ತಟ್ಟೆಯನ್ನು ಹಿಂದೆ ಕೊಡಲೂ ಇಲ್ಲ, ನಾನು ಕೇಳಲೂ ಇಲ್ಲ.

ಮುಂದಿನ ಡಿಸೆಂಬರಿನಲ್ಲಿ, ಇಗರ್ಜಿಯಲ್ಲಿ ಮಗನ ವರ್ಷದ ಪೂಜೆ ಮುಗಿದ ಮೇಲೆ ಬಾಯಮ್ಮ ಹೇಳಿ ಕಳಿಸಿದರು. ಹೋದೆ. ಒಲೆ ತಣ್ಣಗಿತ್ತು. ಬಾಯಮ್ಮ ಕಪಾಟಿನಿಂದ ನೀಲಿ ಅಂಚಿನ ತಟ್ಟೆ ತೆಗೆದು ಸೆರಗಿನಿಂದ ಒರೆಸಿದರು. ತಂದ ತಟ್ಟೆಯನ್ನು ಖಾಲಿ ಹಿಂದಿರುಗಿಸಬಾರದೆಂಬುದು ನಮ್ಮೆಲ್ಲರ ಮನೆಗಳ ಕ್ರಮ. ಡಬ್ಬದಿಂದ ಒಂದು ಹಿಡಿ ಸಕ್ಕರೆ ತೆಗೆದು ತಟ್ಟೆಗೆ ಹಾಕಿದರು. ಆ ಡಬ್ಬ ಮಗನ ಗುಳಿಯೊ ಡಬ್ಬ ಎಂದು ನನಗೆ ಗುರುತಾಯಿತು.

"ಹೆಚ್ಚು ಯೋಚನೆ ಮಾಡಬೇಡ ಮಗಳೇ. ನೀನು ಒಳ್ಳೆಯದಕ್ಕೇ ಬಂದದ್ದು" ಎಂದರು. ನನ್ನ ಕೈಗೆ ತಟ್ಟೆ ಕೊಟ್ಟು, ಅದರ ಅಂಚನ್ನು ಬಿಡದೆ ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದರು.

"ಆದರೆ ನೀನು ಬರದಿದ್ದರೆ ಇನ್ನೂ ನಾಲ್ಕು ದಿನ ನನಗೆ ಮಗ ಇರುತ್ತಿದ್ದ."