ಗಂಡೇ ಇಲ್ಲದ ಪೆಂಗ್ವಿನ್‌ಗಳು

ತುಮಕೂರಿನ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಅಂಟಾರ್ಕ್ಟಿಕಾದ ಎಂಪರರ್ ಪೆಂಗ್ವಿನ್ ಬಗ್ಗೆ ಎರಡು ಪುಟ ಬರೆದುಕೊಟ್ಟಿದ್ದೆ. ಹೆಣ್ಣು ಒಂದೇ ಮೊಟ್ಟೆಯಿಟ್ಟು, ಅದನ್ನು ಗಂಡಿನ ಪಾದಗಳ ಮೇಲೆ ಸರಿಸಿ, ಸಮುದ್ರಕ್ಕೆ ಹೋಗುತ್ತದೆ. ಗಂಡು ಹೊಟ್ಟೆಯ ಚರ್ಮದ ಮಡಿಕೆಯನ್ನು ಅದಕ್ಕೆ ಹೊದಿಸಿ, ಎರಡು ತಿಂಗಳು ಏನೂ ತಿನ್ನದೆ, ನಿಂತೇ ಕಾವು ಕೊಡುತ್ತದೆ. ಹೆಣ್ಣು ಬರುವುದು ತಡವಾದರೆ, ತನ್ನ ಅನ್ನನಾಳದಲ್ಲಿ ಒಸರುವ ಹಾಲಿನಂಥದ್ದನ್ನು ಮರಿಗೆ ಉಣಿಸುವುದೂ ಗಂಡೇ.

ಅಚ್ಚಾಗಿ ಬಂದ ಲೇಖನದಲ್ಲಿ ಗಂಡೇ ಇರಲಿಲ್ಲ. ಹೆಣ್ಣು ಮೊಟ್ಟೆಯಿಟ್ಟು, ಹೆಣ್ಣಿನ ಪಾದಗಳ ಮೇಲೆ ಸರಿಸಿ, ಹೆಣ್ಣೇ ಕಾವು ಕೊಟ್ಟು, ಹೆಣ್ಣೇ ಸಮುದ್ರಕ್ಕೂ ಹೋಗಿತ್ತು. ಕೆಳಗೆ ನನ್ನ ಹೆಸರು, ಪದವಿಯ ಸಮೇತ.

ಸಂಪಾದಕರಾಗಿದ್ದ ಹಿರಿಯ ಉಪನ್ಯಾಸಕರನ್ನು ಕೇಳಿದೆ. ಅವರು ಕನ್ನಡಕ ಒರೆಸುತ್ತಾ, "ಆತುರದಲ್ಲಿ ತಪ್ಪು ಬರ್ದಿದೀರ ಅಂದ್ಕೊಂಡೆ ಕಣಮ್ಮ. ಕಾವಿಗೆ ಕೂರೋದು ಹೇಂಟೆ ತಾನೇ?" ಎಂದರು. ಅವರಿಗೆ ಕೋಳಿ ಗೊತ್ತಿತ್ತು. ನನ್ನನ್ನು ಒಂದು ಮಾತು ಕೇಳುವುದು ಗೊತ್ತಿರಲಿಲ್ಲ.

ಆ ಭಾನುವಾರ ಗುಬ್ಬಿಯ ನಮ್ಮ ಮನೆಗೆ ಭಾವ ಬಂದರು. ಬಾಣಂತನಕ್ಕೆ ಬಂದಿದ್ದ ಅಕ್ಕನ ರಜೆ ಮುಗಿಯುತ್ತಿತ್ತು. ಗಂಡನ ಮನೆ ಕುಣಿಗಲ್‌ನಲ್ಲಿ ಬೆಳಿಗ್ಗೆ ಮಗುವನ್ನು ಅವಳ ಅತ್ತೆ ನೋಡಿಕೊಳ್ಳುತ್ತಾರೆ. ಮಧ್ಯಾಹ್ನ ಮೂರು ಗಂಟೆ ಕಾಲ ಭಾವನ ಅಂಗಡಿ ಮುಚ್ಚಿರುತ್ತದೆ. ಆ ಹೊತ್ತು ಭಾವ ಮಗುವನ್ನು ನೋಡಿಕೊಂಡರೆ ಅಕ್ಕ ಶಾಲೆಯ ಕೆಲಸ ಬಿಡಬೇಕಿರಲಿಲ್ಲ. ಅವಳು ಅದನ್ನೇ ಕೇಳುತ್ತಿದ್ದಳು. ಭಾವ ಮೇಜಿನ ಮೇಲಿದ್ದ ಸಂಚಿಕೆ ಎತ್ತಿಕೊಂಡು ಓದಿ ನಕ್ಕರು.

"ನೋಡು, ನಿನ್ ತಂಗಿನೇ ಬರ್ದವ್ಳೆ. ಪಕ್ಷಿಗಳಲ್ಲೂ ಇದು ಹೆಂಗಸ್ರ ಕೆಲ್ಸನೇ."

ನನ್ನ ಹೆಸರು ನನ್ನ ಅಕ್ಕನ ವಿರುದ್ಧವೇ ಸಾಕ್ಷಿ ಹೇಳಿತ್ತು. ಪೆನ್ನು ತಂದು, ಅವರ ಕೈಯಿಂದ ಸಂಚಿಕೆ ತೆಗೆದುಕೊಂಡು, ಅವರ ಎದುರಿಗೇ ಒಂದೊಂದಾಗಿ ಹೊಡೆದು ತಿದ್ದಿದೆ. ಗಂಡಿನ. ಗಂಡು. ಗಂಡೇ. ಒಂದು ಕಡೆ ಕಾಗದ ಹರಿಯಿತು.

"ಈಗ ಜೋರಾಗಿ ಓದಿ ಭಾವ," ಎಂದೆ.

ಅವರು ಓದಲಿಲ್ಲ. "ಅದು ಹಿಮದ ದೇಶದ್ದು ಬುಡು, ನಮ್ ಕುಣಿಗಲ್‌ಗ್ಯಾಕೆ," ಎಂದರು.

ಹೆಣ್ಣಾಗಿದ್ದಾಗ ಅದು ಕುಣಿಗಲ್‌ಗೆ ಸರಿಯಾಗಿಯೇ ಹೊಂದಿತ್ತು.

ಅಕ್ಕ ಮಗುವನ್ನು ಅವರ ಮಡಿಲಲ್ಲಿಟ್ಟು, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗು ಅಳತೊಡಗಿತು. ಭಾವ ನನ್ನ ಕಡೆ ನೋಡಿದರು. ನಾನು ಕೈ ಚಾಚಲಿಲ್ಲ.