ದೀಪ ಆರಿಸದ ವಾಯರಿಂಗ್ ಕಾಕಾ

ಕಾರಿನ ಕೆಳಗಿನಿಂದ ಎದ್ದು ಬಂದಾಗ ಅವರ ಬಿಳಿ ಕೂದಲಲ್ಲಿ ಒಣಗಿದ ಬೇವಿನ ಎಲೆಗಳು ಸಿಕ್ಕಿಕೊಂಡಿರುತ್ತಿದ್ದವು. ಅಂಗಿಯ ಬೆನ್ನಿಗೆ ಎರೆಮಣ್ಣು ಮೆತ್ತಿ, ಒಣಗಿ, ಬಿರುಕು ಬಿಟ್ಟಿರುತ್ತಿತ್ತು. ಅದನ್ನು ಕೊಡವಿಕೊಳ್ಳದೆ ಮರದ ಬುಡದಲ್ಲಿ ಕೂತು, ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಗಜೇಂದ್ರಗಡದ ದಾರಿಯ ಕಡೆ ನೋಡುತ್ತಾ ಮೈಮರೆಯುತ್ತಿದ್ದರು.

ರೋಣದ ಆ ಬೇವಿನ ಮರದ ಕೆಳಗೆ ಕಾರುಗಳ ವೈರು ರಿಪೇರಿ ಮಾಡುತ್ತಿದ್ದ ಅವರನ್ನು ಎಲ್ಲರೂ ವಾಯರಿಂಗ್ ಕಾಕಾ ಎನ್ನುತ್ತಿದ್ದರು. ಮನೆ ಗಜೇಂದ್ರಗಡದಲ್ಲಿ, ಅಲ್ಲಿ ಅವರ ಹೆಂಡತಿ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಕಾಕಾ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಮರಳುತ್ತಿದ್ದರು. ನಾನು ಕೊಣ್ಣೂರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ದಿನವೂ ರೋಣದಿಂದ ನನ್ನ ಸಣ್ಣ ಕಾರಿನಲ್ಲೇ ಓಡಾಟ.

ಮಲಪ್ರಭೆ ತುಂಬಿ ಬಂದ ವರ್ಷ ಕೆಸರಿನಲ್ಲೇ ಕಾರು ಓಡಿಸಿದ್ದೆ. ಆಮೇಲೆ ಸ್ಟೀರಿಂಗಿನ ಮುಂದೆ ಬ್ರೇಕಿನ ಹಳದಿ ದೀಪವೊಂದು ಹತ್ತುವುದು, ಆರುವುದು ಶುರುವಾಯಿತು. ಹೆರಿಗೆಗೆಂದು ಬಂದಿದ್ದ ತಂಗಿ ಮನೆಯಲ್ಲಿದ್ದಳು. ನನಗೆ ಅವಸರ.

"ಕಾಕಾ, ಬ್ರೇಕ್ ಹಿಡೀತಾವ್ರಿ. ಆ ದೀಪ ಅಷ್ಟ ಆರಿಸಿ ಕೊಡ್ರಿ. ನಾಳೆ ತಂಗೀನ ನರಗುಂದದ ದವಾಖಾನಿಗೆ ಕರಕೊಂಡು ಹೋಗಬೇಕು."

"ಹಂಗಿದ್ರಂತೂ ಆರಸಂಗಿಲ್ರಿ, ಅಕ್ಕಾರ. ಯಾಕ ಹತ್ತೇತಿ ನೋಡೋಣಂತ. ಕೂಡ್ರಿ."

ಸಿಟ್ಟಿನಲ್ಲೇ ಕೂತೆ. ಅವರು ಚಕ್ರಕ್ಕೆ ಕಲ್ಲು ಕೊಟ್ಟು, ಕಾರನ್ನು ಎತ್ತಿ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ ಕೆಳಗೆ ಸರಿದರು. ಹಿಂದಿನ ಚಕ್ರದ ಸೆನ್ಸರಿಗೆ ಹೋಗುವ ವೈರು ಮೇಲ್ನೋಟಕ್ಕೆ ನೆಟ್ಟಗೇ ಇತ್ತು. ಒಳಗೆ ತಂತಿ ಕಡಿದಿದೆಯೇ ಎಂದು ತೋರಿಸುವ ಮೀಟರನ್ನು ಅದಕ್ಕೆ ಹಚ್ಚಿ, ಬೆರಳುಗಳ ನಡುವೆ ಇಷ್ಟಿಷ್ಟೇ ಬಾಗಿಸುತ್ತಾ ಸಾಗಿದರು. ಮಳೆ ನಿಂತ ಮಧ್ಯಾಹ್ನದ ತೆಳು ಬಿಸಿಲು. ಕಾರಿನ ಕೆಳಗಿನಿಂದ ಸಣ್ಣಗೆ ಗುನುಗು ಕೇಳುತ್ತಿತ್ತು. ನನಗೆ ಮಂಪರು ಬರತೊಡಗಿತ್ತು.

"ಸಿಕ್ತ್ರಿ!"

ಒಂದು ಕಡೆ ಬಾಗಿಸಿದಾಗ ಮೀಟರಿನ ಅಂಕಿ ಮಾಯವಾಗಿತ್ತು. ಮೇಲಿನ ರಬ್ಬರು ಸೀಳಿ ತೋರಿಸಿದರು. ಒಳಗೆ ತಾಮ್ರ ಹಸಿರುಗಟ್ಟಿ ತುಂಡಾಗಿತ್ತು.

"ಚಕ್ರ ಹ್ಯಾಂಗ ತಿರಗತೈತಿ ಅಂತ ಇದ ಹೇಳೂದ್ರಿ. ಇದು ಸುಮ್ಮನಾದ್ರ ಬ್ರೇಕ್ ಹಿಡೀತಾವು ಖರೇ, ಆದ್ರ ಹಸಿ ರಸ್ತಾದಾಗ ಚಕ್ರ ಗಪ್ಪನ ನಿಂತು ಬಂಡಿ ಜಾರತೈತಿ."

ಕೆಟ್ಟ ಭಾಗ ಕತ್ತರಿಸಿ, ಹೊಳೆಯುವ ತಾಮ್ರ ಬಂದ ಮೇಲೆ ಹೊಸ ತುಂಡು ಬೆಸೆದರು. ಮೇಲೊಂದು ಕೊಳವೆ ತೊಡಿಸಿ ಬಿಸಿ ಮಾಡಿದಾಗ ಅದು ಕುಗ್ಗಿ ವೈರನ್ನು ಅಪ್ಪಿಕೊಂಡಿತು. ಚಕ್ರಕ್ಕೆ ತಾಗದಂತೆ ಕಟ್ಟಿದರು. ಕಾರು ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ದೀಪ ತಾನಾಗಿ ಆರಿತ್ತು.

ಮರುದಿನ ತುಂತುರು ಮಳೆ. ನರಗುಂದದ ದಾರಿಯ ತಿರುವಿನಲ್ಲಿ ಕುರಿ ಹಿಂಡೊಂದು ಒಮ್ಮೆಗೇ ರಸ್ತೆಗೆ ಇಳಿಯಿತು. ಬ್ರೇಕನ್ನು ಬಲವಾಗಿ ತುಳಿದೆ. ಕಾಲಡಿಯ ಪೆಡಲು ದಡದಡ ನಡುಗಿತು. ಕಾರು ಅತ್ತಿತ್ತ ಜಾರದೆ ನೆಟ್ಟಗೆ ನಿಂತಿತು. ಕುರಿಗಳು ಎರಡೂ ಬದಿಯಿಂದ ಮೆಲ್ಲಗೆ ಹರಿದು ಹೋದವು, ಮೋಡದೊಳಗೆ ನಿಂತ ಹಾಗಿತ್ತು. ಹಿಂದಿನ ಸೀಟಿನಲ್ಲಿ ತಂಗಿ ಹೊಟ್ಟೆಯ ಮೇಲೆ ಕೈಯಿಟ್ಟು ಒರಗಿ ನಿದ್ದೆ ಹೋಗಿದ್ದಳು. ಒಮ್ಮೆ ಕಣ್ಣು ತೆರೆದು, ಮತ್ತೆ ನಿದ್ದೆಗೆ ಜಾರಿದಳು.

ಕಾಕಾಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು.

"ಪೆಡಲ್ ನಡುಗಿತೇನ್ರಿ?"

"ಭಾಳ ನಡುಗ್ತ್ರಿ."

"ಚಲೋ ಆತು. ವೈರು ಕೆಲಸ ಮಾಡೇತಿ ಅಂತ ಅರ್ಥ," ಎಂದು ಕಣ್ಣು ಮುಚ್ಚಿ ನಕ್ಕರು.

ಹೋದ ಚಳಿಗಾಲ ಕಾಕಾ ನಿದ್ದೆಯಲ್ಲೇ ತೀರಿಕೊಂಡರು. ತಂಗಿ, ಅವಳ ಮಗಳು, ನಾನು ಗಜೇಂದ್ರಗಡಕ್ಕೆ ಹೋದೆವು. ಮಗು ಓಡಿಹೋಗಿ ಮಗ್ಗದ ಎಳೆಗಳಿಗೆ ಕೈ ಹಾಕಿತು. ಹಿಂದಕ್ಕೆ ಎಳೆದುಕೊಳ್ಳಲು ಹೋದೆ.

"ಮುಟ್ಲಿ ಬಿಡ್ರಿ," ಎಂದರು ಮಗ್ಗದಲ್ಲಿ ನೇಯುತ್ತಾ ಕೂತಿದ್ದ ಕಾಕಾನ ಹೆಂಡತಿ.

ಹಳದಿ ದೀಪ, ಕುರಿ ಹಿಂಡು, ಎಲ್ಲವನ್ನೂ ಹೇಳಿದೆ. ಕಾಕಾ ಮನೆಯಲ್ಲಿ ಏನೂ ಹೇಳಿರಲಿಲ್ಲವಂತೆ.

"ಅವತ್ತ ಹೊಟ್ಟ್ಯಾಗ ಇದ್ದ ಕೂಸು ಇದ ಏನ್ರಿ?"

ಹೌದೆಂದೆ. ಅವರು ಮಗ್ಗ ನಿಲ್ಲಿಸಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಕೆನ್ನೆಗೆ ಕೆನ್ನೆ ಹಚ್ಚಿದರು. ಬಹಳ ಹೊತ್ತು ಕೆಳಗಿಳಿಸಲಿಲ್ಲ.